ಮುಗಿಯದ ಯುದ್ಧ, ಮುಗಿಯದ ವಾದ

ಐವತ್ತು ವರ್ಷ ದಾಟಿದ ಒಂದು ವೈಜ್ಞಾನಿಕ ಕಾದಂಬರಿಯನ್ನು ಪ್ರಕಾಶಕರು ಒಂದು ರೀತಿ ಓದಿದರು, ಸೈನಿಕರು ಇನ್ನೊಂದು ರೀತಿ, ವಿಮರ್ಶಕರು ಮತ್ತೊಂದು ರೀತಿ. ಮುಳುಗಡೆ ಕಂಡ ಮಲೆನಾಡು ಅದನ್ನು ಹೇಗೆ ಓದಬಹುದು?

ಒಬ್ಬ ಸೈನಿಕ ಯುದ್ಧಕ್ಕೆ ಹೋಗುತ್ತಾನೆ. ಎರಡು ವರ್ಷ ಕಾದಾಡಿ, ಹೇಗೋ ಬದುಕುಳಿದು, ಮನೆಗೆ ಮರಳುತ್ತಾನೆ. ಅವನಿಗೆ ಎರಡು ವರ್ಷ ವಯಸ್ಸಾಗಿದೆ, ಅಷ್ಟೆ. ಆದರೆ ಊರಿನಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದುಹೋಗಿದೆ. ತಾಯಿ ಹಣ್ಣು ಹಣ್ಣು ಮುದುಕಿ. ಹಣ ಬದಲಾಗಿದೆ, ಕೆಲಸಗಳು ಬದಲಾಗಿವೆ, ಜನ ಮಾತನಾಡುವ ರೀತಿ ಬದಲಾಗಿದೆ. ಯಾರನ್ನು ಕಾಪಾಡಲು ಹೋಗಿದ್ದನೋ ಆ ಜನರಿಗೇ ಅವನು ಅಪರಿಚಿತ. ಕೊನೆಗೆ ಬೇರೆ ದಾರಿ ಕಾಣದೆ ಅವನು ಮತ್ತೆ ಸೇನೆಗೇ ಸೇರುತ್ತಾನೆ.

ಇದು ಅಮೆರಿಕದ ಲೇಖಕ ಜೋ ಹಾಲ್ಡ್‌ಮನ್ ಬರೆದ 'ದಿ ಫಾರೆವರ್ ವಾರ್' ಕಾದಂಬರಿಯ ತಿರುಳು. 'ಎಂದೂ ಮುಗಿಯದ ಯುದ್ಧ' ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. 1974ರಲ್ಲಿ ಬಂದ ಈ ಪುಸ್ತಕ ವೈಜ್ಞಾನಿಕ ಸಾಹಿತ್ಯದ ಎರಡು ದೊಡ್ಡ ಪ್ರಶಸ್ತಿಗಳಾದ ನೆಬ್ಯುಲಾ ಮತ್ತು ಹ್ಯೂಗೋ ಎರಡನ್ನೂ ಗೆದ್ದಿತು. ಯುದ್ಧವನ್ನು ವಸ್ತುವಾಗಿಟ್ಟುಕೊಂಡ ವೈಜ್ಞಾನಿಕ ಕಾದಂಬರಿಗಳ ಮಾತು ಬಂದಾಗಲೆಲ್ಲ ಇಂದಿಗೂ ಅದರ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. ಆದರೆ ಅದನ್ನು ಓದಿದವರೆಲ್ಲ ಒಂದೇ ಮಾತು ಹೇಳಿದ್ದಾರೆಯೇ? ಇಲ್ಲ. ಆ ಭಿನ್ನಾಭಿಪ್ರಾಯವೇ ಪುಸ್ತಕದಷ್ಟು ಸ್ವಾರಸ್ಯಕರವಾಗಿದೆ.

ಭೌತಶಾಸ್ತ್ರದ ವಿದ್ಯಾರ್ಥಿ ರಣರಂಗಕ್ಕೆ

ಹಾಲ್ಡ್‌ಮನ್ ಹುಟ್ಟಿದ್ದು 1943ರಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಓದಿ 1967ರಲ್ಲಿ ಪದವಿ ಪಡೆದರು. ಪದವಿ ಕೈಗೆ ಬಂದ ವರ್ಷವೇ ಕಡ್ಡಾಯ ಸೈನಿಕ ಸೇವೆಯ ಕರೆಯೂ ಬಂತು. ವಿಯೆಟ್ನಾಂ ಯುದ್ಧಭೂಮಿಯಲ್ಲಿ ಸೇನೆಯ ಇಂಜಿನಿಯರ್ ದಳದಲ್ಲಿದ್ದು ತೀವ್ರವಾಗಿ ಗಾಯಗೊಂಡರು. ಊರಿಗೆ ಮರಳಿದಾಗ ದೇಶ ಬೇರೆಯೇ ಆಗಿತ್ತು. ಆ ಯುದ್ಧವನ್ನು ವಿರೋಧಿಸುವವರು ಬೀದಿಗಿಳಿದಿದ್ದರು. ಹೋದವರು ಯಾರಿಗಾಗಿ ಹೋದರು, ಬಂದವರು ಎಲ್ಲಿಗೆ ಬಂದರು ಎಂಬುದೇ ತಿಳಿಯದ ಕಾಲ ಅದು.

ಈ ಅನುಭವವನ್ನು ನೇರವಾಗಿ ಹೇಳುವ ಬದಲು ಅವರು ತಾವು ಓದಿದ್ದ ಭೌತಶಾಸ್ತ್ರದ ನೆರವು ಪಡೆದರು. ಕಾದಂಬರಿಯ ನಾಯಕ ವಿಲಿಯಂ ಮಂಡೆಲ್ಲಾ ಕೂಡ ಭೌತಶಾಸ್ತ್ರದ ವಿದ್ಯಾರ್ಥಿ. ಬುದ್ಧಿವಂತರನ್ನೇ ಆರಿಸಿ ಸೇನೆಗೆ ಸೇರಿಸುವ ಕಾನೂನಿನಿಂದಾಗಿ ಅವನು ಸೈನಿಕನಾಗುತ್ತಾನೆ. ಶತ್ರುಗಳು ಟೌರನ್ ಎಂಬ ಅನ್ಯಲೋಕದ ಜೀವಿಗಳು. ಅವರು ಹೇಗಿದ್ದಾರೆ, ಏಕೆ ಯುದ್ಧ ಮಾಡುತ್ತಿದ್ದಾರೆ, ಅವರಿಗೆ ಏನು ಬೇಕು, ಇದಾವುದೂ ಸೈನಿಕರಿಗೆ ಗೊತ್ತಿಲ್ಲ. ಯುದ್ಧಭೂಮಿ ತಲುಪಲು ನೌಕೆಗಳು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಓಡಬೇಕು. ಕಥೆಯ ಕೀಲಿಕೈ ಇರುವುದು ಇಲ್ಲಿಯೇ.

ಕಾಲ ಎಲ್ಲರಿಗೂ ಒಂದೇ ಅಲ್ಲ

1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಬಸ್ಸಿನ ವೇಗದಲ್ಲಿ, ವಿಮಾನದ ವೇಗದಲ್ಲಿ ಈ ವ್ಯತ್ಯಾಸ ನಮ್ಮ ಅರಿವಿಗೆ ಬರುವುದಿಲ್ಲ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದರ ಶೇ. 86.6ರಷ್ಟು ವೇಗದಲ್ಲಿ ಹೋದರೆ ನೌಕೆಯ ಒಂದು ವರ್ಷ ಭೂಮಿಯ ಎರಡು ವರ್ಷಕ್ಕೆ ಸಮ. ಶೇ. 99ರಷ್ಟು ವೇಗದಲ್ಲಿ ಅದು ಏಳು ವರ್ಷ, ಶೇ. 99.9ರಲ್ಲಿ ಇಪ್ಪತ್ತೆರಡು ವರ್ಷ, ಶೇ. 99.99ರಲ್ಲಿ ಎಪ್ಪತ್ತು ವರ್ಷ!

ತೀರ್ಥಹಳ್ಳಿಯಲ್ಲಿ ಇಪ್ಪತ್ತು ವರ್ಷದ ಅವಳಿ ಸೋದರರಿದ್ದಾರೆ ಎಂದು ಭಾವಿಸೋಣ. ಒಬ್ಬ ಊರಿನಲ್ಲಿ ತೋಟ ನೋಡಿಕೊಂಡಿರುತ್ತಾನೆ. ಇನ್ನೊಬ್ಬ ಶೇ. 99ರ ವೇಗದಲ್ಲಿ ಹೋಗಿ ತನ್ನ ಗಡಿಯಾರದ ಮೂರು ವರ್ಷಕ್ಕೆ ಮರಳುತ್ತಾನೆ. ಹೋದವನಿಗೆ ಈಗ 23, ಉಳಿದವನಿಗೆ 41. ಅವಳಿಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಚಿಕ್ಕಪ್ಪನಂತೆ ಕಾಣುತ್ತಾನೆ. ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ಕೇಳಬಹುದು: ನೌಕೆಯಲ್ಲಿದ್ದವನಿಗೆ ಭೂಮಿಯೇ ಓಡಿದಂತೆ ಕಾಣುವುದಿಲ್ಲವೇ? ಹಾಗಾದರೆ ಭೂಮಿಯವನೇ ಏಕೆ ಚಿಕ್ಕವನಾಗಿ ಉಳಿಯಬಾರದು? ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೆ: ಊರಿನಲ್ಲಿದ್ದವನು ತನ್ನ ಪಾಡಿಗೆ ಇದ್ದ. ವೇಗ ಹೆಚ್ಚಿಸಿ, ತಗ್ಗಿಸಿ, ದಿಕ್ಕು ತಿರುಗಿಸಿ ಹಿಂದೆ ಬಂದವನು ನೌಕೆಯವನು. ಇಬ್ಬರ ಪ್ರಯಾಣವೂ ಒಂದೇ ಬಗೆಯದಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ 2.2ರಷ್ಟು ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಅವು ಕ್ರಮಿಸಬಹುದಾದ ದೂರ ಸುಮಾರು 660 ಮೀಟರ್. ಆದರೂ ಹತ್ತು ಹದಿನೈದು ಕಿಲೋಮೀಟರ್ ಕೆಳಗಿಳಿದು ಅವು ನೆಲ ಮುಟ್ಟುತ್ತವೆ. ವೇಗದಿಂದಾಗಿ ಅವುಗಳ ಗಡಿಯಾರ ನಿಧಾನವಾಗುವುದೇ ಇದಕ್ಕೆ ಕಾರಣ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲಿ ಭೂಮಿಯ ಸುತ್ತ ಕೊಂಡೊಯ್ದು ಪರೀಕ್ಷಿಸಿದರು. ಸಿದ್ಧಾಂತ ಹೇಳಿದಂತೆಯೇ ವ್ಯತ್ಯಾಸ ಕಂಡುಬಂತು. ಇಂದು ಮೊಬೈಲ್‌ನಲ್ಲಿ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳಿಗೂ ಸಾಪೇಕ್ಷತೆಯ ತಿದ್ದುಪಡಿ ಮಾಡಲೇಬೇಕು.

ಅಜ್ಜಿಯಂದಿರು ಹೇಳುವ ರೇವತಿಯ ಕಥೆ ಈಗ ಹಲವರಿಗೆ ನೆನಪಾಗಿರಬೇಕು. ಮಗಳಿಗೆ ವರ ಯಾರೆಂದು ಕೇಳಲು ಕಕುದ್ಮಿ ರಾಜ ಬ್ರಹ್ಮಲೋಕಕ್ಕೆ ಹೋದ. ಗಾನ ಮುಗಿಯಲೆಂದು ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿದ್ದವು. ಅವನು ಮನಸ್ಸಿನಲ್ಲಿ ಎಣಿಸಿದ್ದ ವರರಾರೂ ಉಳಿದಿರಲಿಲ್ಲ. ಕೊನೆಗೆ ಬಲರಾಮನಿಗೆ ರೇವತಿಯನ್ನು ಕೊಟ್ಟು ಮದುವೆಯಾಯಿತು. ಪುರಾಣಕಾರರಿಗೆ ಸಾಪೇಕ್ಷತೆ ಗೊತ್ತಿತ್ತು ಎನ್ನಲು ಇದು ಆಧಾರವಾಗದು. ಸಿದ್ಧಾಂತವೆಂದರೆ ಅಳತೆ ಬೇಕು, ಲೆಕ್ಕ ಬೇಕು, ಪರೀಕ್ಷೆ ಬೇಕು. ಆದರೆ ಹೋಗಿ ಬರುವಷ್ಟರಲ್ಲಿ ಊರು ಕೈತಪ್ಪುವ ಭಯ ಮನುಷ್ಯನಿಗೆ ಎಷ್ಟು ಹಳೆಯದು ಎಂಬುದನ್ನು ಈ ಕಥೆ ಹೇಳುತ್ತದೆ.

ಶರಾವತಿಯ ಲೆಕ್ಕ

ಹಾಗಾದರೆ ಇಂತಹ ನೌಕೆ ಸಾಧ್ಯವೇ? ಸಾಗರ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಅಳತೆಗೋಲಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅದರ ಹತ್ತೂ ಘಟಕಗಳು ಹಗಲಿರುಳು ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತವೆ ಎಂದುಕೊಳ್ಳೋಣ. ಒಂದು ಕಿಲೋ ಅಡಿಕೆಯನ್ನು ಬೆಳಕಿನ ಶೇ. 99ರ ವೇಗಕ್ಕೆ ಏರಿಸಬೇಕಾದರೆ ಆ ವಿದ್ಯುತ್ತನ್ನೆಲ್ಲ ಸುಮಾರು 17 ವರ್ಷ ಸುರಿಯಬೇಕು! ಅದೂ ಒಂದಿಷ್ಟೂ ಪೋಲಾಗದಿದ್ದರೆ. ಇನ್ನು ಸೈನಿಕರು, ಶಸ್ತ್ರಾಸ್ತ್ರ, ಊಟ, ಗಾಳಿ ಎಲ್ಲ ತುಂಬಿದ ನೌಕೆಯ ಮಾತು ಕೇಳುವುದೇ ಬೇಡ.

ಕಾದಂಬರಿಯಲ್ಲಿ ನಿಜವೂ ಇದೆ, ಕಲ್ಪನೆಯೂ ಇದೆ. ಕಾಲ ನಿಧಾನವಾಗುವುದು ನಿಜ. ಕುಸಿದ ನಕ್ಷತ್ರಗಳ ಮೂಲಕ ಕ್ಷಣಾರ್ಧದಲ್ಲಿ ಬೇರೆಡೆಗೆ ಜಿಗಿಯುವುದು ಶುದ್ಧ ಕಲ್ಪನೆ. ಸೈನಿಕರ ತರಬೇತಿ ನಡೆಯುವುದು ಪ್ಲೂಟೋದಿಂದಾಚೆ ಇರುವ ಶರಾನ್ ಎಂಬ ಹಿಮಲೋಕದಲ್ಲಿ. ತಮಾಷೆಯೆಂದರೆ, ಪುಸ್ತಕ ಬಂದ ನಾಲ್ಕು ವರ್ಷಗಳ ನಂತರ, 1978ರಲ್ಲಿ, ಪ್ಲೂಟೋಗೆ ಒಂದು ಉಪಗ್ರಹವಿರುವುದು ಪತ್ತೆಯಾಗಿ ಅದಕ್ಕೂ ಶರಾನ್ ಎಂದೇ ಹೆಸರಿಟ್ಟರು. ಲೇಖಕರ ಶರಾನ್ ಬೇರೆ, ಇದು ಬೇರೆ. ಆದರೂ ಇಂದಿನ ಹೊಸ ಓದುಗರು ಅಲ್ಲಿ ಒಮ್ಮೆ ತಬ್ಬಿಬ್ಬಾಗುತ್ತಾರೆ.

ಪ್ರಕಾಶಕರ ಓದು

ಇಷ್ಟೆಲ್ಲ ಇದ್ದರೂ ಪುಸ್ತಕ ಹೊರಬರುವುದೇ ಕಷ್ಟವಾಯಿತು. ಹದಿನೆಂಟು ಪ್ರಕಾಶಕರು ಅದನ್ನು ಹಿಂತಿರುಗಿಸಿದರೆಂದು ಹಾಲ್ಡ್‌ಮನ್ ಬರೆದಿದ್ದಾರೆ. ಪುಸ್ತಕ ಚೆನ್ನಾಗಿದೆ, ಆದರೆ ವಿಯೆಟ್ನಾಂ ಕುರಿತ ವೈಜ್ಞಾನಿಕ ಕಾದಂಬರಿ ಯಾರಿಗೆ ಬೇಕು ಎಂಬುದು ಅವರ ತಕರಾರು. ಕಾದಂಬರಿಯಲ್ಲಿ ನಡೆಯುವುದು ಅನ್ಯಗ್ರಹದ ಯುದ್ಧ, ಆದರೂ ಓದಿದವರಿಗೆಲ್ಲ ಅದು ವಿಯೆಟ್ನಾಂ ಎಂದು ಅರ್ಥವಾಗಿತ್ತು! ಕೊನೆಗೆ ಸೇಂಟ್ ಮಾರ್ಟಿನ್ಸ್ ಪ್ರೆಸ್ ಧೈರ್ಯ ಮಾಡಿತು.

ಅದಕ್ಕೂ ಮೊದಲು ಅದರ ಭಾಗಗಳು 'ಅನಲಾಗ್' ಎಂಬ ಪತ್ರಿಕೆಯಲ್ಲಿ ಬಂದಿದ್ದವು. ಸೈನಿಕ ಮನೆಗೆ ಮರಳುವ ನಡುವಿನ ಭಾಗವನ್ನು ಸಂಪಾದಕ ಬೆನ್ ಬೋವಾ ಒಪ್ಪಲಿಲ್ಲ. ಅದು ತಮ್ಮ ಓದುಗರಿಗೆ ತೀರಾ ನಿರಾಶೆಯದಾಯಿತು ಎಂದು ಅವರ ಅಭಿಪ್ರಾಯ. ಹಾಲ್ಡ್‌ಮನ್ ಅದರ ಬದಲಿಗೆ ಬೇರೆ ಭಾಗ ಬರೆದುಕೊಟ್ಟರು. ಪುಸ್ತಕದಲ್ಲಿಯೂ ಬಹುಕಾಲ ಆ ಬದಲಿ ಭಾಗವೇ ಉಳಿಯಿತು. ಲೇಖಕರ ಮೂಲ ಪಾಠ ಪೂರ್ಣವಾಗಿ ಸೇರಿದ ಆವೃತ್ತಿ ಬಂದದ್ದು 1997ರಲ್ಲಿ.

ಬಿಟ್ಟುಹೋಗಿದ್ದ ಆ ಭಾಗದಲ್ಲಿ ಏನಿದೆ? ಮಂಡೆಲ್ಲಾ ಮರಳುವುದು 2024ರಲ್ಲಿ. ಭೂಮಿ ಜನರಿಂದ ಕಿಕ್ಕಿರಿದಿದೆ. ಆಹಾರದ ಕ್ಯಾಲೊರಿಯೇ ಹಣವಾಗಿದೆ. ಕಾಯಿಲೆ ಬಿದ್ದ ತಾಯಿಗೆ ಚಿಕಿತ್ಸೆ ಕೇಳಿದರೆ, ವಯಸ್ಸಾದ್ದರಿಂದ ಸರ್ಕಾರದ ಪಟ್ಟಿಯಲ್ಲಿ ಆಕೆಗೆ ಸೊನ್ನೆ ಅಂಕ. ದೇಶಕ್ಕಾಗಿ ಪ್ರಾಣ ಒತ್ತೆಯಿಟ್ಟು ಬಂದ ಮಗನ ಎದುರಿನಲ್ಲೇ ತಾಯಿ ಔಷಧವಿಲ್ಲದೆ ಸಾಯುತ್ತಾಳೆ. ನಿಜವಾದ 2024 ಈಗ ಕಳೆದುಹೋಗಿದೆ. ಕ್ಯಾಲೊರಿಯ ನಾಣ್ಯ ಬರಲಿಲ್ಲ, ಅನ್ಯಗ್ರಹದ ಯುದ್ಧವೂ ಆಗಲಿಲ್ಲ. ಆದರೆ ಮುದಿ ತಾಯಿಯ ಆ ಪುಟಗಳನ್ನು ಓದಿದವರಿಗೆ ಭವಿಷ್ಯ ಸುಳ್ಳಾಯಿತೆಂಬ ಸಮಾಧಾನ ಸಿಗುವುದಿಲ್ಲ.

ಎರಡು ಪುಸ್ತಕ, ಎರಡು ಸೇನೆ

ಈ ಕಾದಂಬರಿಯ ಬಗೆಗಿನ ವಾದವೆಲ್ಲ ಇನ್ನೊಂದು ಪುಸ್ತಕದೊಂದಿಗೆ ಹೆಣೆದುಕೊಂಡಿದೆ. ಅದು ರಾಬರ್ಟ್ ಹೈನ್‌ಲೈನ್ ಬರೆದ, 1959ರಲ್ಲಿ ಪ್ರಕಟವಾದ 'ಸ್ಟಾರ್‌ಶಿಪ್ ಟ್ರೂಪರ್ಸ್'. ಹೈನ್‌ಲೈನ್ ಅಮೆರಿಕದ ನೌಕಾಪಡೆಯ ಅಧಿಕಾರಿಯಾಗಿದ್ದು, ಕ್ಷಯರೋಗದಿಂದಾಗಿ 1934ರಲ್ಲಿ ಸೇವೆ ಬಿಡಬೇಕಾಗಿ ಬಂದವರು. ಅವರ ಕಾದಂಬರಿಯ ಸಮಾಜದಲ್ಲಿ ಸ್ವಇಚ್ಛೆಯಿಂದ ಸೇವೆ ಸಲ್ಲಿಸಿದವರಿಗೆ ಮಾತ್ರ ಮತದಾನದ ಹಕ್ಕು. ಸೈನಿಕ ಶಿಸ್ತು ಹುಡುಗನೊಬ್ಬನನ್ನು ಜವಾಬ್ದಾರಿಯ ಮನುಷ್ಯನನ್ನಾಗಿ ಮಾಡುವ ಕಥೆ ಅದು. ಅದಕ್ಕೂ 1960ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಅಮೆರಿಕದ ಮರೀನ್ ಪಡೆ ತನ್ನವರು ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿಯೂ ಅದನ್ನು ಸೇರಿಸಿತ್ತು.

ಆದರೆ ಅದು ಯುದ್ಧವನ್ನು ವೈಭವೀಕರಿಸುತ್ತದೆ ಎಂದು ಸಿಟ್ಟಾದವರೂ ಕಡಿಮೆಯಿಲ್ಲ. ಹ್ಯಾರಿ ಹ್ಯಾರಿಸನ್ ಎಂಬ ಲೇಖಕ 1965ರಲ್ಲಿ 'ಬಿಲ್, ದಿ ಗ್ಯಾಲಾಕ್ಟಿಕ್ ಹೀರೋ' ಎಂಬ ವಿಡಂಬನೆಯನ್ನೇ ಬರೆದರು. 'ಫಾರೆವರ್ ವಾರ್' ಬಂದಾಗ ಹಲವು ವಿಮರ್ಶಕರು ಅದನ್ನೂ ಹೈನ್‌ಲೈನ್‌ಗೆ ಕೊಟ್ಟ ಉತ್ತರವೆಂದೇ ಓದಿದರು. ಎರಡರಲ್ಲೂ ಯಂತ್ರಕವಚ ತೊಟ್ಟ ಸೈನಿಕರು, ಎರಡರಲ್ಲೂ ಅನ್ಯಲೋಕದ ಶತ್ರು. ಆದರೆ ಒಂದರಲ್ಲಿ ಯುದ್ಧ ಮನುಷ್ಯನನ್ನು ಕಟ್ಟುತ್ತದೆ, ಇನ್ನೊಂದರಲ್ಲಿ ಕಳಚುತ್ತದೆ. ಹಾಲ್ಡ್‌ಮನ್ ಮಾತ್ರ, ತಮ್ಮ ಪುಸ್ತಕ ಹುಟ್ಟಿದ್ದು ವಿಯೆಟ್ನಾಂ ಅನುಭವದಿಂದ ಎಂದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಯಾರ ವಿರುದ್ಧ ಬರೆದದ್ದು ಎಂದು ಜನ ಹೇಳುತ್ತಿದ್ದರೋ ಆ ಹೈನ್‌ಲೈನ್ ಅವರೇ ಅದನ್ನು ಮನಸಾರೆ ಮೆಚ್ಚಿಕೊಂಡರು. ಓದುಗರು ಎರಡು ಪಕ್ಷ ಕಟ್ಟಿಕೊಂಡರೂ ಲೇಖಕರಿಬ್ಬರು ಪರಸ್ಪರ ಗೌರವದಿಂದಲೇ ಇದ್ದರು!

ಮೆಚ್ಚಿದವರೂ ಎತ್ತಿದ ತಕರಾರುಗಳಿವೆ. ಸ್ತ್ರೀಪುರುಷ ಸಂಬಂಧದ ಬಗ್ಗೆ ಕಾದಂಬರಿ ಮಾಡುವ ಕೆಲವು ಕಲ್ಪನೆಗಳು ಇಂದಿನ ಓದುಗರಿಗೆ ಒರಟಾಗಿ ಕಾಣುತ್ತವೆ. ಮಹಿಳೆಯರು ಗಂಡಸರಿಗೆ ಸಮನಾಗಿ ಕಾದಾಡುತ್ತಾರೆ ನಿಜ, ಆದರೆ ಸೇನೆ ಅವರ ಖಾಸಗಿ ಬದುಕಿನ ಮೇಲೂ ನಿಯಮ ಹೇರುತ್ತದೆ. ಸಲಿಂಗ ಪ್ರೀತಿಯನ್ನು ಸರ್ಕಾರವೇ ಜನಸಂಖ್ಯೆ ತಗ್ಗಿಸುವ ಉಪಾಯದಂತೆ ಬಳಸುವ ಭಾಗ ಅನೇಕರಿಗೆ ಹಿಡಿಸಿಲ್ಲ. ನಾಯಕನಿಗೆ ಲೋಕ ಎಷ್ಟು ಅಪರಿಚಿತವಾಯಿತು ಎಂದು ತೋರಿಸಲು ಹಾಗೆ ಬರೆದರೆಂದು ಕೆಲವರು ಸಮರ್ಥಿಸುತ್ತಾರೆ.

ಮುಕ್ತಾಯದ ಬಗ್ಗೆಯೂ ಜಗಳವಿದೆ. ಸಾವಿರಕ್ಕೂ ಹೆಚ್ಚು ವರ್ಷ ನಡೆದ ಯುದ್ಧ ಒಂದು ತಪ್ಪು ತಿಳಿವಳಿಕೆಯಿಂದ ಶುರುವಾಗಿತ್ತೆಂದು ಕೊನೆಗೆ ಗೊತ್ತಾಗುತ್ತದೆ. ಎರಡು ಜೀವಕುಲಗಳಿಗೂ ಪರಸ್ಪರ ಮಾತನಾಡಲು ಬರುತ್ತಿರಲಿಲ್ಲ, ಅಷ್ಟೆ. ಇಷ್ಟು ದೊಡ್ಡ ಯುದ್ಧಕ್ಕೆ ಇಷ್ಟು ಚಿಕ್ಕ ಕಾರಣವೇ ಎಂದು ಒಂದು ಪಕ್ಷ. ಯುದ್ಧಗಳ ಕಾರಣ ಎಂದಾದರೂ ಯುದ್ಧದಷ್ಟು ದೊಡ್ಡದಾಗಿದ್ದುದುಂಟೇ ಎಂದು ಇನ್ನೊಂದು ಪಕ್ಷ.

ಮುಳುಗಡೆಯ ಕಣ್ಣಿನಲ್ಲಿ

ಈಗ ಈ ಪುಸ್ತಕವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೆ ತರೋಣ. ಅಮೆರಿಕದ ಓದುಗನಿಗಿಲ್ಲದ ಒಂದು ಅನುಭವ ಇಲ್ಲಿನ ಓದುಗನಿಗಿದೆ. ಊರು ಇಲ್ಲವಾಗುವುದೆಂದರೆ ಏನು ಎಂದು ತಿಳಿಯಲು ಅವನಿಗೆ ಬೆಳಕಿನ ವೇಗ ಬೇಕಾಗಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕಣಿವೆಗಳನ್ನು ತುಂಬಿತು. ಗದ್ದೆ, ತೋಟ, ಮನೆ, ದೇವಸ್ಥಾನ ಎಲ್ಲ ನೀರಿನಡಿಗೆ ಹೋದವು. ಅದಕ್ಕೂ ಹಿಂದೆ 1940ರ ದಶಕದಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮತ್ತೆ ತಲೆಯೆತ್ತುತ್ತದೆ. 1960ರಲ್ಲಿ ಈ ಕಣಿವೆ ಬಿಟ್ಟು ಹೋದವನೊಬ್ಬ ಹತ್ತು ವರ್ಷದ ಮೇಲೆ ಮರಳಿದ್ದರೆ ಮಂಡೆಲ್ಲಾನ ಸ್ಥಿತಿಯೇ ಅವನದೂ ಆಗುತ್ತಿತ್ತು. ಮುಂದೆ ಹಿನ್ನೀರು ದಾಟಲು ಲಾಂಚ್ ಬಂತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯೂ ತೆರೆಯಿತು. ಒಂದೇ ಆಯುಸ್ಸಿನಲ್ಲಿ ಕಣಿವೆ, ಕಡಲಿನಂಥ ನೀರು, ಅದರ ಮೇಲೆ ಸೇತುವೆ, ಮೂರನ್ನೂ ಕಂಡ ಹಿರಿಯರು ಈ ಭಾಗದಲ್ಲಿದ್ದಾರೆ.

ಸಾಗರದ ನಾ. ಡಿಸೋಜ ಈ ನೋವನ್ನೇ ತಮ್ಮ 'ದ್ವೀಪ' ಕಾದಂಬರಿಯಲ್ಲಿ ಹಿಡಿದರು. ಏರುವ ನೀರಿನ ನಡುವೆ ಮನೆಯನ್ನು ಬಿಡಲಾಗದೆ ಉಳಿದ ಕುಟುಂಬದ ಕಥೆ ಅದು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿ ಅದನ್ನು ಚಿತ್ರವನ್ನಾಗಿ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಅಣೆಕಟ್ಟು ಯುದ್ಧವಲ್ಲ, ನಿಜ. ಅದರಿಂದ ನಾಡಿಗೆ ಬೆಳಕು ಬಂತು. ಆದರೆ ಎರಡೂ ಕಡೆ ಒಂದು ಪ್ರಶ್ನೆ ಸಮಾನವಾಗಿದೆ: ಎಲ್ಲರ ಒಳಿತಿಗೆಂದು ಮಾಡುವ ಕೆಲಸದ ಬೆಲೆಯನ್ನು ಕೆಲವರೇ ತೆತ್ತಾಗ, ಉಳಿದವರು ಅವರನ್ನು ಎಷ್ಟು ದಿನ ನೆನಪಿಟ್ಟುಕೊಳ್ಳುತ್ತಾರೆ?

ಹೊಸನಗರ ತಾಲ್ಲೂಕಿನ ನಗರದ ಕೋಟೆಗೆ ಶಾಲಾ ಪ್ರವಾಸ ಹೋದ ಮಕ್ಕಳು ಇದೇ ಪ್ರಶ್ನೆಯನ್ನು ಕಲ್ಲುಗಳಿಗೂ ಕೇಳಬಹುದು. ಕೆಳದಿ ಅರಸರ ಬಿದನೂರು ಅದು. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. ಇಪ್ಪತ್ತು ವರ್ಷದ ನಂತರ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ಮರಳಿ ಪಡೆದ. ಗೆದ್ದವರ ಹೆಸರು, ಇಸವಿ, ಸಿಕ್ಕ ಸಂಪತ್ತು, ಎಲ್ಲಕ್ಕೂ ಇತಿಹಾಸದಲ್ಲಿ ಜಾಗವಿದೆ. ಆ ಗೋಡೆ ಕಾದ ಸಾಮಾನ್ಯ ಸಿಪಾಯಿ ಯಾವ ಊರಿನವನು, ಅವನು ಮನೆಗೆ ಮರಳಿದನೇ, ಅವನನ್ನು ಯಾರಾದರೂ ಗುರುತಿಸಿದರೇ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ.

ಯುದ್ಧವನ್ನು ಗೆದ್ದವರ ಕಡೆಯಿಂದಲ್ಲದೆ ನೊಂದವರ ಕಡೆಯಿಂದ ನೋಡುವುದು ಈ ನೆಲಕ್ಕೆ ಹೊಸದೇನಲ್ಲ. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು 'ಸ್ಮಶಾನ ಕುರುಕ್ಷೇತ್ರಂ' ನಾಟಕದಲ್ಲಿ ಮಹಾಭಾರತ ಯುದ್ಧ ಮುಗಿದ ಮೇಲಿನ ರಣಭೂಮಿಯನ್ನು ಕಣ್ಣಿಗೆ ಕಟ್ಟಿಸಿದರು. ಅವರ ಮಗ ಪೂರ್ಣಚಂದ್ರ ತೇಜಸ್ವಿ ತಮ್ಮ 'ಮಿಲೆನಿಯಮ್' ಮಾಲೆಯಲ್ಲಿ ಮಹಾಯುದ್ಧದ ಪುಸ್ತಕಗಳನ್ನು ಕನ್ನಡದ ಎಳೆಯರಿಗೆ ಕೊಟ್ಟರು. ಇವುಗಳ ಪಕ್ಕದಲ್ಲಿ ಹಾಲ್ಡ್‌ಮನ್ ಪುಸ್ತಕವನ್ನಿಟ್ಟರೆ ಅದು ಅಷ್ಟೇನೂ ಪರಕೀಯವೆನಿಸದು.

ಪೋಷಕರಿಗೆ ಒಂದು ಮಾತು

ಕಥೆಪುಸ್ತಕ ಕೈಯಲ್ಲಿ ಕಂಡರೆ 'ಇದು ಪರೀಕ್ಷೆಗೆ ಬರುತ್ತದೆಯೇ?' ಎಂದು ಕೇಳುವುದು ಸಹಜ. ಈ ಪುಸ್ತಕ ಬರುವುದಿಲ್ಲ. ಆದರೆ ಪಿ.ಯು.ಸಿ. ಮುಗಿಸಿ ವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ ಸಾಪೇಕ್ಷತೆಯ ಸೂತ್ರ ಬಾಯಿಪಾಠವಾಗಿ ಉಳಿಯದೆ ಎದೆಗೆ ಇಳಿಯಬೇಕಾದರೆ ಇಂತಹ ಪುಸ್ತಕ ನೆರವಾಗುತ್ತದೆ. ಇಂಗ್ಲಿಷ್ ಸರಳ, ವಾಕ್ಯಗಳು ಚಿಕ್ಕವು. ಹಿಂಸೆ ಮತ್ತು ಲೈಂಗಿಕ ವಿಷಯಗಳ ಪ್ರಸ್ತಾಪ ಇರುವುದರಿಂದ ಪ್ರೌಢಶಾಲೆಯ ಮಕ್ಕಳಿಗೆ ಇದು ತಕ್ಕದ್ದಲ್ಲ. ಕಾಲೇಜಿನವರು ಓದಲಿ, ಸಾಧ್ಯವಾದರೆ ಹೈನ್‌ಲೈನ್ ಪುಸ್ತಕವನ್ನೂ ಜೊತೆಗೇ ಓದಲಿ. ಒಂದೇ ಪುಸ್ತಕ ಓದಿದವನು ಒಂದೇ ಪಕ್ಷ ಸೇರುತ್ತಾನೆ. ಎರಡನ್ನೂ ಓದಿದವನು ಯೋಚಿಸುತ್ತಾನೆ.

ಇಂದಿನ ಹುಡುಗರು ಯುದ್ಧವನ್ನು ಕಾಣುವುದು ಸಿನಿಮಾದಲ್ಲಿ, ಟಿ.ವಿ.ಯಲ್ಲಿ, ಮೊಬೈಲ್ ಆಟದಲ್ಲಿ. ಆಟದಲ್ಲಿ ಸತ್ತವನು ಒಂದು ಗುಂಡಿ ಒತ್ತಿದರೆ ಎದ್ದು ಬರುತ್ತಾನೆ. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ಯಾರ ತಾಯಿಯೂ ಬಾಗಿಲಲ್ಲಿ ಕಾಯುವುದಿಲ್ಲ. ಮಲೆನಾಡಿನ ಮನೆಗಳಿಂದಲೂ ಹುಡುಗರು ಸೇನೆಗೆ ಸೇರುತ್ತಾರೆ. ಹಾಲ್ಡ್‌ಮನ್ ಪುಸ್ತಕ ಸೈನಿಕನನ್ನು ಹೀಗಳೆಯುವುದಿಲ್ಲ. ಅವನ ಧೈರ್ಯಕ್ಕೆ ಅದರಲ್ಲಿ ಪೂರ್ಣ ಗೌರವವಿದೆ. ಅವನನ್ನು ಕಳಿಸಿ ಮರೆತವರ ಬಗ್ಗೆ ಮಾತ್ರ ಅದಕ್ಕೆ ಸಿಟ್ಟಿದೆ.

ಪುಸ್ತಕ ಓದಿದ ಮೇಲೆ ಒಂದು ಕೆಲಸ ಮಾಡಬಹುದು. ಊರಿನಲ್ಲಿ ನಿವೃತ್ತ ಸೈನಿಕರಿದ್ದರೆ ಅವರ ಬಳಿ ಕುಳಿತು ಮಾತನಾಡಿಸಿ. ಎಷ್ಟು ಶತ್ರುಗಳನ್ನು ಕೊಂದಿರಿ ಎಂದು ಕೇಳಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಏನೇನು ಬದಲಾಗಿತ್ತು, ಮಗು ಗುರುತು ಹಿಡಿಯಿತೇ, ಯಾರ ಮದುವೆ ತಪ್ಪಿತು, ಯಾರ ಸಾವಿಗೆ ಬರಲಾಗಲಿಲ್ಲ, ಇದನ್ನು ಕೇಳಿ. ಅವರ ಗಡಿಯಾರವೂ ಊರಿನ ಗಡಿಯಾರವೂ ಬೇರೆ ಬೇರೆಯಾಗಿ ನಡೆದ ವರ್ಷಗಳ ಲೆಕ್ಕ ಅಲ್ಲಿ ಸಿಗುತ್ತದೆ.

ಇನ್ನೊಂದು ಸಂಗತಿ. ಮಂಡೆಲ್ಲಾನಿಂದ ಎಲ್ಲವನ್ನೂ ಕಸಿದ ಅದೇ ಸಾಪೇಕ್ಷತೆ ಕಾದಂಬರಿಯ ಕೊನೆಯ ಪುಟದಲ್ಲಿ ಅವನಿಗೊಂದು ದೊಡ್ಡ ಉಪಕಾರವನ್ನೂ ಮಾಡುತ್ತದೆ. ಅದು ಹೇಗೆಂದು ಊಹಿಸಲು ಮೇಲಿನ ಅವಳಿ ಸೋದರರ ಲೆಕ್ಕ ಸಾಕು. ಸರಿಯಾಗಿ ಊಹಿಸಿದ ವಿದ್ಯಾರ್ಥಿಗೆ ಸಾಪೇಕ್ಷತೆ ಅರ್ಥವಾಗಿದೆ ಎಂದೇ ತಿಳಿಯಬಹುದು.